ಬೇರಿಂಗಿಗೆ ಕನ್ಯಾ ನೋಡುವ ಅಣ್ಣ

ನಮ್ಮಣ್ಣ ಕಬ್ಬಿಣ ಕಚ್ಚುತ್ತಾನೆ ಎಂದರೆ ನೀವು ನಂಬಲಿಕ್ಕಿಲ್ಲ. ಜಮಖಂಡಿಗೆ ಬಂದು ಯಾರನ್ನಾದರೂ ಕೇಳಿ. "ಸ್ಕ್ರೂಡ್ರೈವರ್ ತಿನ್ನೋ ಮಿಸ್ತ್ರಿ ಎಲ್ಲಿ?" ಎಂದರೆ ಸಾಕು, ಗ್ಯಾರೇಜಿನ ಬಾಗಿಲ ತನಕ ಕರೆತಂದು ಬಿಡುತ್ತಾರೆ. ಈ ಹೆಸರನ್ನು ಊರಿಗೆಲ್ಲ ಹಂಚಿದವಳು ನಾನೇ, ಅವನ ಒಡಹುಟ್ಟಿದ ತಂಗಿ.

ಅಣ್ಣನದು ಲೋಡರಿನಂಥ ದೊಡ್ಡ ಗಾಡಿಗಳ ಗೇರು, ಆಕ್ಸಲ್ ಬಿಚ್ಚಿ ಕಟ್ಟುವ ಕೆಲಸ. ನನ್ನ ಗಂಡನ ಮನೆ ಅವನ ಗ್ಯಾರೇಜಿನ ಹಿಂದಿನ ಓಣಿಯಲ್ಲೇ. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟ ನನಗೆ ಅಣ್ಣ ಕೊಟ್ಟ ನೌಕರಿ ಮೂರು ಬಗೆಯದು: ಫೋನಿನಲ್ಲಿ ಮಾತಾಡುವುದು, ಸಾಮಾನು ತೊಳೆಯುವುದು, ಬೇರಿಂಗಿಗೆ ಗ್ರೀಸ್ ತುಂಬುವುದು. ಹೋಳಿಗೆಗೆ ಹೂರಣ ತುಂಬಿದ ಕೈಗೆ ಗ್ರೀಸ್ ತುಂಬುವುದೇನು ಮಹಾ? ಇನ್ನು ಫೋನು. ಅದನ್ನು ಅಣ್ಣ ಮುಟ್ಟುವುದೇ ಇಲ್ಲ. ಅದು ಬಡಕೊಂಡು ಅಲುಗಿದರೆ ನನ್ನ ಕಡೆ ನೂಕಿ, "ಮಾತಾಡೂದು ನಿನ್ನ ಖಾತೆ" ಎನ್ನುತ್ತಾನೆ. ದೊಡ್ಡ ಮಿಸ್ತ್ರಿಗೆ ಅಷ್ಟು ಸೊಕ್ಕು ಇರಲಿ ಬಿಡಿ ಎಂದುಕೊಂಡಿದ್ದೆ.

ಬೇರಿಂಗ್ ಆರಿಸುವುದು ಮಾತ್ರ ಅವನದೇ ಖಾತೆ. ಬೇರೆ ಮಿಸ್ತ್ರಿಗಳು ನಂಬರ್ ಹೇಳಿ, ಡಬ್ಬಿ ತಂದು, ಬಡಿದು ಕೂರಿಸಿ ಮನೆಗೆ ಹೋಗುತ್ತಾರೆ. ನಮ್ಮಣ್ಣ ಕನ್ಯಾ ನೋಡಲು ಹೋಗುತ್ತಾನೆ. ಒಗೆದ ಅಂಗಿ ತೊಟ್ಟು, ತಲೆ ಬಾಚಿಕೊಂಡು! ಅಂಗಡಿಯಲ್ಲಿ ಬೇರಿಂಗನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತಾನೆ. ಬಿಸಿಲಿಗೆ ಹಿಡಿದು ರೋಲರುಗಳ ಸಂದಿಯಲ್ಲಿ ಇಣುಕುತ್ತಾನೆ. ಕೊನೆಗೆ ಮೂಸಿಯೂ ನೋಡುತ್ತಾನೆ. ಡಬ್ಬಿ ಬಹಳ ಮಿಂಚುತ್ತಿದ್ದರೆ ತೆರೆಯುವುದೇ ಇಲ್ಲ. "ಮ್ಯಾಲ ಇಷ್ಟ ಪೌಡರ್ ಬಳದಾರಂದ್ರ ಒಳಗ ಏನೋ ಮುಚ್ಚಿಟ್ಟಾರ" ಎಂದು ತಿರುಗಿಸಿ ಕೊಡುತ್ತಾನೆ.

ಒಮ್ಮೆ ಮುಧೋಳದ ಅಂಗಡಿಯವನಿಗೆ ಸಾಕಾಗಿ ಹೋಯಿತು.

"ಕಾಕಾ, ಎಲ್ಲಾ ಡಬ್ಬಿ ಮ್ಯಾಲೂ ಅದ ನಂಬರ್ ಐತ್ರಿ. ಯಾವ್ದರ ಒಂದ ಒಯ್ರಿ."

"ನಿಮ್ಮ ಓಣ್ಯಾಗ ಎಲ್ಲಾ ಮನಿಗೂ ನಂಬರ್ ಐತಿ. ಹಂಗಂತ ಯಾವ್ದರ ಮನ್ಯಾಗ ಹೋಗಿ ಮಲಗ್ತಿಯೇನ್ಲೇ?"

ಖರೆ ಕನ್ಯಾ ನೋಡಲು ಹೋದಾಗ ಏನಾಯಿತು ಕೇಳಿ. ಬನಹಟ್ಟಿಯಲ್ಲಿ ನೇಕಾರರ ಮನೆ. ಹಿಂದಿನ ಕೋಣೆಯಲ್ಲಿ ನಾಲ್ಕು ಪವರ್‌ಲೂಮ್ ಒಂದೇ ಸಮನೆ ಬಡಿಯುತ್ತಿದ್ದವು. ಹುಡುಗಿ ಚುರುಮುರಿ ತಂದಿಟ್ಟಳು. ಅಣ್ಣ ಅವಳತ್ತ ನೋಡಲಿಲ್ಲ. ಕಿವಿ ನಿಮಿರಿಸಿ, "ಮಾವಾರ, ಮೂಲ್ಯಾಗಿನ ಮಗ್ಗದ ಬೇರಿಂಗ್ ಹೋಗೇತ್ರಿ" ಎಂದ. ಎದ್ದು ಹೋಗಿ ಮಗ್ಗ ನಿಲ್ಲಿಸಿ ತೋರಿಸಿಯೂ ಬಂದ. ಆ ಗದ್ದಲದಲ್ಲಿ ಒಂದೇ ಒಂದು ಬೇರಿಂಗಿನ ನರಳಾಟ ಕೇಳಿಸಿಕೊಂಡ ಅಳಿಯ ಯಾರಿಗೆ ಬೇಡ? ಮದುವೆಯಾಯಿತು. "ನಿಮ್ಮಣ್ಣ ಒಪ್ಪಿದ್ದು ಮಗ್ಗಾನ ವಾ. ನಾ ಅದರ ಕೂಡ ಬಂದಾಕಿ" ಎಂದು ವೈನಿ ಇಂದಿಗೂ ಹೇಳುತ್ತಾಳೆ. ಹೇಳುವುದೂ ಓಣಿಗೆಲ್ಲ ಕೇಳುವಂತೆ. ಮಗ್ಗದ ಮನೆಯ ಹುಡುಗಿ, ದನಿ ದೊಡ್ಡದು ಎಂದು ನಾವು ಸುಮ್ಮನಾಗಿದ್ದೆವು.

ಹೋದ ವರ್ಷ ಕಬ್ಬಿನ ಹಂಗಾಮಿಗೆ ಮುಂಚೆ ಮುಧೋಳದ ಸಾವಕಾರರೊಬ್ಬರ ಕಬ್ಬು ಎತ್ತುವ ಲೋಡರ್ ನಮ್ಮಲ್ಲಿಗೆ ಬಂತು. ಹಿಂದಿನ ಎರಡೂ ಗಾಲಿಗಳ ಬೇರಿಂಗ್ ಸವೆದು ಹೋಗಿದ್ದವು. ಈ ಬೇರಿಂಗಿನಲ್ಲಿ ಎರಡು ತುಂಡು: ಒಳಗೆ ರೋಲರುಗಳಿರುವ ಬಳೆ, ಹೊರಗೆ ಅದು ಕೂರುವ ಉಂಗುರ. ಅಣ್ಣ ಅವನ್ನು ಗಂಡ-ಹೆಂಡತಿ ಎನ್ನುತ್ತಾನೆ. ಒಂದು ಕಂಪನಿಯ ಬಳೆಗೆ ಇನ್ನೊಂದು ಕಂಪನಿಯ ಉಂಗುರ ಅಳತೆಗೆ ಕೂತರೂ ಅವನು ಕೂರಗೊಡುವುದಿಲ್ಲ. "ಕೂಡಿ ಹುಟ್ಟಿದ್ದು ಕೂಡೇ ಸವೀಬೇಕು" ಎಂಬುದು ಅವನ ಕಾನೂನು.

ಅವನ ಮನಸ್ಸಿಗೆ ಬಂದ ಒಂದು ಜೋಡಿ ಮುಧೋಳದಲ್ಲಿ ಸಿಕ್ಕಿತು. ಇನ್ನೊಂದು, ಬೇರೆ ಕಂಪನಿಯದು, ಬೀಳಗಿಯಲ್ಲಿ. ಬೀಳಗಿಯಿಂದ ಬಸ್ಸಿನಲ್ಲಿ ಬರುವಾಗ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಕಂಡಕ್ಟರ್ "ಲಗೇಜ್ ಕೆಳಗಿಡ್ರಿ" ಎಂದರೆ, "ಮದಲಗಿತ್ತಿನ ಕೆಳಗ ಕುಂದರಸ್ತಾರೇನ್ರಿ?" ಎಂದ. ಒಬ್ಬ ಅಜ್ಜಿ ಹತ್ತಿದಳು. ಅಣ್ಣ ಎದ್ದು ಸೀಟು ಕೊಟ್ಟ, ಬೇರಿಂಗನ್ನು ಅಜ್ಜಿಯ ತೊಡೆಗೆ ದಾಟಿಸಿದ. ಡಬ್ಬಿಯಲ್ಲಿ ಏನಿದೆ ಎಂದು ತಿಳಿಯದ ಆಕೆ ದಾರಿಯುದ್ದಕ್ಕೂ ಅದನ್ನು ತಟ್ಟುತ್ತ ಬಂದಳಂತೆ.

ಹೊಸ ಬೇರಿಂಗಿಗೆ ಹಚ್ಚಿದ ಎಣ್ಣೆಯನ್ನು ಡೀಸೆಲ್ಲಿನಲ್ಲಿ ತೊಳೆದು ಗ್ರೀಸ್ ತುಂಬುವುದು ನಮ್ಮಲ್ಲಿಯ ಪದ್ಧತಿ. ಅದಕ್ಕೂ ಅಣ್ಣ ಮದುವೆಯ ಹೆಸರೇ ಇಟ್ಟಿದ್ದಾನೆ, ಮದುಮಕ್ಕಳಿಗೆ ನೀರೆರೆಯುವ ಸುರಗಿ. ಒಂದೊಂದು ಜೋಡಿಗೆ ಒಂದೊಂದು ಬುಟ್ಟಿ.

ಅವತ್ತು ನಾನು ಎರಡೂ ಜೋಡಿಯನ್ನು ಒಂದೇ ಬುಟ್ಟಿಗೆ ಹಾಕಿದೆ. ಯಾಕೆಂದರೆ ನನಗೆ ಕೈ ಬಿಡುವಿರಲಿಲ್ಲ. ಚಹಾ ಕುಡಿಯುತ್ತ ಕೂತ ಡ್ರೈವರುಗಳಿಗೆ ಅಣ್ಣನ ನಕಲು ಮಾಡಿ ತೋರಿಸುತ್ತಿದ್ದೆ. ಗಾಡಿ ಪರೀಕ್ಷೆ ಮಾಡುವಾಗ ಅಣ್ಣ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ತಾಗಿಸಿ ಹಿಡಿಕೆಯನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚುತ್ತಾನೆ. ಒಳಗಿನ ಸಪ್ಪಳ ಕೇಳಲು ಬೇರೆಯವರು ಹಿಡಿಕೆಯನ್ನು ಕಿವಿಗೆ ಹಚ್ಚಿಕೊಂಡರೆ ಇವನು ಬಾಯಿಗೆ! ಈ ನಕಲನ್ನು ನಾನು ಮದುವೆ ಮನೆಗಳಲ್ಲಿ ಲಟ್ಟಣಿಗೆ ಕಚ್ಚಿ ಮಾಡಿದ್ದೇನೆ. ಹೋಳಿಗೆ ತಟ್ಟುವ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಾರೆ.

ಡ್ರೈವರುಗಳೂ ನಕ್ಕರು. ನಾನು ಬುಟ್ಟಿಗೆ ತಿರುಗಿದಾಗ ಯಾರ ಹೆಂಡತಿ ಯಾರೆಂದು ತಿಳಿಯಲಿಲ್ಲ. ಬಳೆಯ ಮೇಲೊಂದು ಬಗೆ, ಉಂಗುರದ ಮೇಲೊಂದು ಬಗೆ ಕೊರೆದ ಇಂಗ್ಲಿಷ್ ಅಕ್ಷರಗಳಿದ್ದವು. ನನಗೆ ಓದಲು ಬಾರದು. ಅಣ್ಣನನ್ನು ಕೇಳಬಹುದಿತ್ತು. ಈಗಷ್ಟೇ ನಗಿಸಿದವರ ಮುಂದೆ ನಾನೇ ನಗೆಪಾಟಲಾಗುವುದು ಬೇಡವಾಗಿತ್ತು. ಅಂದಾಜಿನ ಮೇಲೆ ಜೋಡಿ ಹಚ್ಚಿ, ಅಕ್ಷರ ಮುಚ್ಚುವಷ್ಟು ಗ್ರೀಸ್ ಬಳಿದೆ.

ಅಣ್ಣ ನನ್ನ ಮುಖ ನೋಡಿ ಕೇಳಿದ, "ಜೋಡಿ ತಪ್ಪಿಲ್ಲಲಾ?"

"ಇಲ್ಲಣ್ಣಾ."

ನಂಬಿದ. ಕೂರಿಸಿದ.

ಸಂಜೆಗೆ ಸಾವಕಾರರು ಬಂದರು. ಮರುದಿನ ಸಕ್ಕರೆ ಕಾರ್ಖಾನೆ ಸುರು. ಅವರ ಎಂಟು ಹತ್ತು ಗಾಡಿಗಳ ಕೆಲಸದಿಂದಲೇ ನಮ್ಮ ಗ್ಯಾರೇಜು ನಡೆಯುವುದು. ಲೋಡರಿನ ಹಿಂಭಾಗವನ್ನು ಜಾಕಿನ ಮೇಲೆ ಎತ್ತಿ, ಇಂಜಿನ್ ಸುರು ಮಾಡಿ ಗಾಲಿ ತಿರುಗಿಸಿದರು. ಅಣ್ಣ ಕೆಳಗೆ ಮಲಗಿ ಸ್ಕ್ರೂಡ್ರೈವರ್ ಕಚ್ಚಿ ಕಣ್ಣು ಮುಚ್ಚಿದ. ಡ್ರೈವರುಗಳು ನನ್ನ ಕಡೆ ನೋಡಿ ಕಿಸಕ್ಕನೆ ನಕ್ಕರು. ನನಗೆ ನಗು ಬರಲಿಲ್ಲ.

"ಬಂದ್ ಮಾಡ್ರಿ," ಎನ್ನುತ್ತ ಅಣ್ಣ ಹೊರಗೆ ಬಂದು ಸಾವಕಾರರ ಎದುರು ನಿಂತ. "ಜೋಡಿ ತಪ್ಪೇತಿ. ಬಿಚ್ಚಬೇಕು."

"ನನಗೇನೂ ಸಪ್ಪಳ ಕೇಳಸವಲ್ದಲೋ ಮಿಸ್ತ್ರಿ," ಎಂದರು ಸಾವಕಾರರು.

"ನಡು ಹಂಗಾಮಿನ್ಯಾಗ ಕೇಳಸ್ತೈತ್ರಿ. ಕಬ್ಬಿನ ರಾಶಿ ಮುಂದ ಗಾಡಿ ನಿಂತಾಗ."

"ಯಾರ ತಪ್ಪಿದು? ಹೇಳಿಬಿಡು. ಇಲ್ಲಂದ್ರ ಇನ್ನ ಮ್ಯಾಲ ನನ್ನ ಗಾಡಿ ಎಲ್ಲಾ ಬೆಳಗಾವಿಗೆ ಹೊಕ್ಕಾವ."

ನಾನು ಬಾಯಿ ತೆರೆದೆ. ಮಾತು ಬರಲಿಲ್ಲ. ಅಣ್ಣನಿಗೆ ಬಂತು. "ನಂದ್ರಿ. ಜೋಡಸೂಮುಂದ ಕಣ್ಣ ತಪ್ಪಿತು. ಬೆಳಗಾಗೂದರಾಗ ಕೊಡ್ತೇನಿ."

ಸಾವಕಾರರು ಬೈಯಬೇಕಾದಷ್ಟು ಬೈದರು. ಮುಂಜಾನೆ ಬರುತ್ತೇನೆ, ಅದೇ ಕಡೆಯ ಮಾತು ಎಂದು ಹೋದರು. ಅಣ್ಣ ನನಗೆ ಬೆನ್ನು ಮಾಡಿ ಗಾಲಿ ಬಿಚ್ಚತೊಡಗಿದ.

"ಅಣ್ಣಾ, ತಪ್ಪು ನಂದು," ಎಂದೆ. ಅವನು ತಿರುಗಲಿಲ್ಲ. ಮತ್ತೊಮ್ಮೆ ಹೇಳಿದೆ. ಭುಜವೂ ಅಲುಗಲಿಲ್ಲ. ಇಷ್ಟು ಸಿಟ್ಟೇ ಎಂದು ಅಳು ಬಂತು.

ಚಹಾ ತಂದ ವೈನಿ ನನ್ನ ಪಕ್ಕ ನಿಂತಳು. ಅವಳಿಗೂ ಮೆಲ್ಲಗೆ ಮಾತಾಡಲು ಬರುತ್ತದೆಂದು ನನಗೆ ತಿಳಿದದ್ದು ಅವತ್ತೇ.

"ಹಿಂದ ನಿಂತ ಅಂದ್ರ ಅವರಿಗೆ ಕೇಳಸಂಗಿಲ್ಲ ವಾ. ಮಾರಿ ನೋಡಿ ತಿಳಕೋತಾರ. ಕಿವಿ ಹೋಗಿ ಭಾಳ ದಿನ ಆತು. ಯಾರಿಗೂ ಹೇಳಬ್ಯಾಡ ಅಂದಾರ."

"ಮತ್ತ ಬೇರಿಂಗ್?"

"ಹಲ್ಲಾಗ ಹಿಡದ್ರ ಅದೊಂದ ಕೇಳಸ್ತೈತಂತ. ಎಲಬಿನ್ಯಾಗ ಹಾದು ಬರ್ತೈತಂತ."

ನನಗೆ ಫೋನು ನೆನಪಾಯಿತು, ವೈನಿಯ ದೊಡ್ಡ ದನಿ ನೆನಪಾಯಿತು. ಲಟ್ಟಣಿಗೆ ಕಚ್ಚಿದ ನನ್ನ ಬಾಯಿ ನೆನಪಾಯಿತು.

ಅಣ್ಣ ಇನ್ನೊಂದು ಗಾಲಿಯನ್ನು ಕೈಯಿಂದ ತಿರುಗಿಸಿ, ಮತ್ತೆ ಸ್ಕ್ರೂಡ್ರೈವರ್ ಕಚ್ಚಿ ಪರೀಕ್ಷೆಗೆ ಮಲಗಿದ. ನಾನು ಎದುರಿನಿಂದ ತೆವಳಿ ಹೋಗಿ ಯಂತ್ರಕ್ಕೆ ತಾಗಿದ್ದ ತುದಿಯನ್ನು ಮೆಲ್ಲಗೆ ಬಿಡಿಸಿಕೊಂಡೆ. ಅವನು ಕಣ್ಣು ತೆರೆಯಲಿಲ್ಲ. ಆ ತುದಿಯನ್ನು ನನ್ನ ಹಲ್ಲಿನಲ್ಲಿ ಕಚ್ಚಿ, ಹೇಳಲು ಬಂದಷ್ಟು ಹೇಳಿದೆ, "ಅಣ್ಣಾ, ತಪ್ಪು ನಂದು."

ಬಾಯಿ ತುಂಬ ಡೀಸೆಲ್ಲಿನ ರುಚಿ. ಅಣ್ಣ ಕಣ್ಣು ಮುಚ್ಚಿಕೊಂಡೇ ಇದ್ದ. ಆಮೇಲೆ ಹಿಡಿಕೆಯನ್ನು ಬಾಯಿಂದ ತೆಗೆದ.

"ಕೇಳಸ್ತು. ಇನ್ನೊಂದ ಬುಟ್ಟಿ ತಗೊಂಬಾ."