ದೊಡ್ಡಪ್ಪನ ಕಲ್ಲುಕಂಬ

ನಮ್ಮ ದೊಡ್ಡಪ್ಪನಿಗೆ ಮನೆಯವರಿಗಿಂತ ಒಂದು ಕಲ್ಲಿನ ಮೇಲೆ ಪ್ರೀತಿ ಹೆಚ್ಚು ಎಂದರೆ ನೀವು ನಂಬಲಿಕ್ಕಿಲ್ಲ. ದೊಡ್ಡಮ್ಮ ನಂಬುತ್ತಾರೆ!

ಮಾರನಹಳ್ಳಿಯ ಹೆದ್ದಾರಿಯಲ್ಲಿ, ಘಾಟಿ ಇಳಿಯುವ ಮೊದಲು ಲಾರಿಗಳು ನಿಲ್ಲುವ ತಿರುವಿನಲ್ಲಿ, ನಮ್ಮ ತೋಟದ ಗೇಟಿಗೆ ಎದುರಾಗಿ ಆ ಕಲ್ಲು ಇತ್ತು. ಮೊದಲ ಮಹಾಯುದ್ಧದಲ್ಲಿ ಸತ್ತ ತಮ್ಮ ಮಕ್ಕಳ ನೆನಪಿಗೆ ಕಾಫಿ ತೋಟದ ಬಿಳಿ ದೊರೆಗಳು ನಿಲ್ಲಿಸಿದ್ದು. ಮೆಟ್ಟಿಲುಗಳ ಪೀಠ, ಅದರ ಮೇಲೆ ಆಳೆತ್ತರದ ಚೌಕ ಕಂಬ, ಚೂಪಾದ ತುದಿ. ಎದುರಿನ ಮುಖದಲ್ಲಿ ಕೊರೆದು ಸೀಸ ತುಂಬಿದ ಇಂಗ್ಲಿಷ್ ಹೆಸರುಗಳು. ಎರಡನೆಯ ಯುದ್ಧದ ನಂತರ ಎಡಮುಖದಲ್ಲಿ ಇನ್ನಷ್ಟು ಹೆಸರುಗಳು ಸೇರಿದವು, ಊರಿನವರದೂ ಕೆಲವು. ಆ ಯುದ್ಧಕ್ಕೆ ಲಾರಿ ಓಡಿಸಲು ಹೋದ ದೊಡ್ಡಪ್ಪನ ಅಣ್ಣನ ಹೆಸರು ಮಾತ್ರ ಇಲ್ಲ. ಅವರು ಹಿಂದಿರುಗಲಿಲ್ಲ, ಸತ್ತರೆಂಬ ಸುದ್ದಿಯೂ ಬರಲಿಲ್ಲ. ಆ ಹೆಸರನ್ನು ಅಲ್ಲಿ ಕೆತ್ತಿಸಬೇಕೆಂಬುದು ದೊಡ್ಡಪ್ಪನ ಹಟ. ಅದಕ್ಕಾಗಿ ಅವರು ಹತ್ತದ ಕಚೇರಿಯಿಲ್ಲ. ಆ ಕಲ್ಲು ತಮ್ಮದೆಂದು ಒಪ್ಪಿಕೊಂಡ ಕಚೇರಿಯೂ ಇಲ್ಲ!

ಮನೆಗೆ ಬಂದವರನ್ನೆಲ್ಲ ಮೊದಲು ಅಲ್ಲಿಗೆ ನಡೆಸುತ್ತಿದ್ದರು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರನ್ನು ಬಿಡುತ್ತಾರೆಯೇ? ಸಂದು ಕಾಣದಂತೆ ಕಲ್ಲು ಕೂರಿಸುವ ಬಗೆ, ಗಾರೆಗೆ ಬೆಲ್ಲ ಬೆರೆಸುವ ಬಗೆ ಎಲ್ಲವನ್ನೂ ವಿವರಿಸಿ ಕರೆತಂದರು. ನಾನು ಆರಿದ ಉಪ್ಪಿಟ್ಟು ತಂದಿಟ್ಟಾಗಲೂ ಹುಡುಗನ ತಂದೆ ಗಾರೆಯ ವಿಚಾರವನ್ನೇ ಕೇಳುತ್ತಿದ್ದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನನಗೆ ಅದು ಅನುಕೂಲವೇ ಆಯಿತು.

ಒಮ್ಮೆ ಲಾರಿಯವನೊಬ್ಬ ಕಂಬದ ಮೇಲೆ ಒದ್ದೆ ಪಂಚೆ ಹರವಿದ್ದ. ದೊಡ್ಡಪ್ಪ ಜಗಳಕ್ಕೇ ಹೋದರು.

“ಯಾರ ಸಮಾಧಿ ಅಜ್ಜಾ ಇದು?” ಎಂದ ಅವನು.

“ಸಮಾಧಿ ಅಲ್ಲ ಕಣೋ. ಇದ್ರೊಳಗೆ ಯಾರೂ ಇಲ್ಲ.”

“ಯಾರೂ ಇಲ್ದಿದ್ಮೇಲೆ ಯಾರಿಗ್ ತೊಂದ್ರೆ? ಒಣಗ್ಲಿ ಬುಡಿ.”

ದೊಡ್ಡಪ್ಪ ಪಂಚೆಯನ್ನು ತಾವೇ ಎತ್ತಿ ತಂದು ನಮ್ಮ ಗೇಟಿನ ಮೇಲೆ ಹರವಿದರು.

ಹಿರಿಯರ ಹಬ್ಬದ ದಿನ ನಮ್ಮಲ್ಲಿ ತೀರಿಕೊಂಡವರಿಗೆಲ್ಲ ಎಡೆ ಇಡುತ್ತಾರೆ. ದೊಡ್ಡಪ್ಪ ಕಂಬದ ಮೇಲಿನ ಹೆಸರುಗಳಿಗೂ ಒಂದು ಎಲೆ ಹಾಕುತ್ತಿದ್ದರು. ದೊರೆ ಮಕ್ಕಳಿಗೆ ಕಡುಬು ಸೇರುತ್ತದೋ ಇಲ್ಲವೋ ಎಂದು ಪಕ್ಕದಲ್ಲಿ ಬನ್ನು! ಸ್ವಂತ ಅಣ್ಣನಿಗೆ ಮಾತ್ರ ಎಲೆಯಿಲ್ಲ. ಸತ್ತದ್ದನ್ನು ಕಂಡವರಿಲ್ಲದೆ ಎಡೆ ಇಡಬಾರದೆಂದು ಅಜ್ಜಿ, ಅಂದರೆ ದೊಡ್ಡಪ್ಪನ ತಾಯಿ, ತಮ್ಮ ಕೊನೆಯವರೆಗೂ ತಡೆದಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ರಸ್ತೆ ಅಗಲವಾಯಿತು. ಕಂಬವನ್ನು ಕಳಚಿ ಹಿಂದಕ್ಕೆ ಸರಿಸಿ ನಿಲ್ಲಿಸಿದರು. ದಿನವೂ ಬಂದು ನಿಲ್ಲುವ ದೊಡ್ಡಪ್ಪನ ಕಾಟ ತಡೆಯಲಾರದೆ ಕಂಟ್ರಾಕ್ಟರು, ಬೇಕಾದ ಹೆಸರು ಕೆತ್ತಿಸಿಕೊಳ್ಳಿ ಎಂದುಬಿಟ್ಟರು. ಕೆತ್ತುವ ದಿನ ದೊಡ್ಡಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಕಲ್ಲುಕುಟಿಗ ಎಡಮುಖದ ಕೆಳಗೆ ಜಾಗ ನುಣುಪು ಮಾಡಿ, ಸೀಮೆಸುಣ್ಣವನ್ನು ನನ್ನ ಕೈಗೆ ಕೊಟ್ಟ. ನಾನು ಹೆಸರು ಬರೆದೆ. ಅವನು ಉಳಿ ಇಟ್ಟ.

“ತಡಿಯಪ್ಪ,” ಎಂದರು ದೊಡ್ಡಪ್ಪ.

ಅಕ್ಷರ ತಪ್ಪಿತೇನೋ ಎಂದು ಅವನು ನನ್ನತ್ತ ನೋಡಿದ. ದೊಡ್ಡಪ್ಪ ಹತ್ತಿರ ಬಂದು, ಬಗ್ಗಿ, ಆ ಹೆಸರನ್ನೇ ನೋಡಿದರು.

“ಕೆತ್ತಿಬುಟ್ರೆ ಅಣ್ಣ ಸತ್ತೋದ ಅಂತ ಆಗ್ಬುಡ್ತದೆ ಮಗಾ,” ಎಂದರು. “ಅವ್ವಂಗೆ ಏನಂತ ಹೇಳ್ಲಿ?”

ಅಜ್ಜಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ದೊಡ್ಡಪ್ಪ ಟವೆಲಿನಿಂದ ಮೊದಲ ಅಕ್ಷರ ಒರೆಸಿದರು. ಅಲ್ಲಿಗೆ ಕೈ ನಿಂತಿತು. ಉಳಿದದ್ದನ್ನು ನಾನು ನನ್ನ ದುಪಟ್ಟದಿಂದ ಒರೆಸಿದೆ.