ಮಾವನ ನಾಡಿಯೂ ಡಾಕ್ಟರ ಗುಳಿಗೆಯೂ

ನಮ್ಮ ಸೋದರಮಾವ ಜೀವಮಾನದಲ್ಲಿ ಯಾರಿಗೂ ನಮಸ್ಕಾರ ಮಾಡಿದವರಲ್ಲ! ಅಹಂಕಾರಿ ಎಂದುಕೊಂಡೀರಿ, ಖಂಡಿತ ಅಲ್ಲ. ನಮಸ್ಕಾರಕ್ಕೆ ಎರಡು ಕೈ ಸೇರಬೇಕಲ್ಲ? ಸೇರುವುದಕ್ಕೆ ಮೊದಲೇ ಅವರ ಒಂದು ಕೈ ಎದುರಿಗಿದ್ದವರ ಮಣಿಕಟ್ಟನ್ನು ಹಿಡಿದಾಗಿರುತ್ತಿತ್ತು. ಮೂರು ಬೆರಳೊತ್ತಿ, ಕಣ್ಣು ಮುಚ್ಚಿ, "ಹ್ಞೂಂ... ನಿನ್ನೆ ಹಲಸಿನಹಣ್ಣು ತಿಂದಿದೀಯ" ಎನ್ನುವರು. ತಿಂದವನು ತಬ್ಬಿಬ್ಬು! ತಿನ್ನದವನು ಮನೆಗೆ ಹೋಗಿ, ತಿಂದಿದ್ದೆನೋ ಏನೋ ಎಂದು ಹೆಂಡತಿಯನ್ನು ಕೇಳುತ್ತಿದ್ದ.

ಈ ವಿದ್ಯೆ ಅವರಿಗೆ ನನ್ನ ತಾತನಿಂದ ಬಂದದ್ದು. ತಾತ ನಿಜವಾದ ಪಂಡಿತರು. ಮಾವ ಮಾತ್ರ ಹೊಟ್ಟೆಪಾಡಿಗೆ ಭದ್ರಾವತಿಯಲ್ಲಿ ಗುಮಾಸ್ತೆ. ಶಿವಮೊಗ್ಗದ ದುರ್ಗಿಗುಡಿಯ ಮನೆಯಿಂದ ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಮಲವಗೊಪ್ಪ ದಾಟುವಷ್ಟರಲ್ಲಿ ಅರ್ಧ ಡಬ್ಬಿಯ ನಾಡಿ ನೋಡಿ ಮುಗಿಯುತ್ತಿತ್ತಂತೆ. ಒಮ್ಮೆ ಟಿಕೆಟ್ ಕೇಳಲು ಕೈ ಚಾಚಿದ ರೈಲ್ವೆಯವರ ಕೈಯನ್ನೂ ಹಿಡಿದು, "ಸಾಹೇಬ್ರೇ, ನಿಮಗೆ ಪಿತ್ತ ಜಾಸ್ತಿ, ಅದಕ್ಕೇ ಹೀಗೆ ರೇಗ್ತೀರಿ" ಎಂದುಬಿಟ್ಟರು. ಆ ಪುಣ್ಯಾತ್ಮ ಮತ್ತೆ ಮಾವನ ಹತ್ತಿರ ಟಿಕೆಟ್ ಕೇಳಲಿಲ್ಲ. ನಾನು ಆಗಷ್ಟೇ ಅಲ್ಲಿನ ಒಂದು ಶಾಲೆಯಲ್ಲಿ ಟೀಚರ್ ಕೆಲಸಕ್ಕೆ ಸೇರಿ, ಅವರ ಮನೆಯಲ್ಲೇ ಉಳಿದಿದ್ದೆ. ಶಾಲೆಯಲ್ಲಿ ದಿನಕ್ಕೊಮ್ಮೆ ಮಕ್ಕಳ ಹಾಜರಿ, ಮನೆಯಲ್ಲಿ ದಿನಕ್ಕೊಮ್ಮೆ ನನ್ನ ನಾಡಿ. "ಮಾರಾಯ್ತಿ, ಇವತ್ತು ಯಾರ ಮೇಲೋ ಸಿಟ್ಟು ಮಾಡ್ಕೊಂಡಿದೀಯ" ಎನ್ನುವರು. ಕೈ ಬಿಡದಿದ್ದರೆ ಸಿಟ್ಟು ಬರದೆ ಇನ್ನೇನು?

ನಾಡಿಗೆ ಮೂರು ನಡೆಯಂತೆ. ವಾತವಾದರೆ ಹಾವಿನ ಹಾಗೆ ಹರಿಯುತ್ತದೆ, ಪಿತ್ತವಾದರೆ ಕಪ್ಪೆಯ ಹಾಗೆ ನೆಗೆಯುತ್ತದೆ, ಕಫವಾದರೆ ಹಂಸದ ಹಾಗೆ ತೂಗಾಡುತ್ತದೆ. ಮಗಳು ವಿಶಾಲುವನ್ನು ಭದ್ರಾವತಿಯ ಹುಡುಗನೊಬ್ಬ ನೋಡಲು ಬಂದಾಗ ಮಾವ ಜಾತಕವನ್ನು ಪಕ್ಕಕ್ಕಿಟ್ಟು ಅವನ ಮಣಿಕಟ್ಟು ಹಿಡಿದು ಕೂತರು. ಒಳಗಿನಿಂದ ವಿಶಾಲು ಕೇಸರಿಬಾತಿನ ತಟ್ಟೆ ತಂದಳು. "ಕಪ್ಪೆ! ಕಪ್ಪೆ ನೆಗೀತು!" ಎಂದು ಮಾವ ಕೂಗಿಕೊಂಡರು. ಹುಡುಗನ ತಾಯಿ ಎರಡೂ ಕಾಲನ್ನು ಕುರ್ಚಿಯ ಮೇಲೆ ಎಳೆದುಕೊಂಡರು! ಹುಡುಗ ಕೆಂಪಾದ, ವಿಶಾಲು ನಕ್ಕಳು, ಸಂಬಂಧ ಗಟ್ಟಿಯಾಯಿತು.

ಇಂಥ ಮನುಷ್ಯ ಒಂದು ದಿನ ಇದ್ದಕ್ಕಿದ್ದಂತೆ ಕೈ ಹಿಡಿಯುವುದನ್ನು ನಿಲ್ಲಿಸಿದರು.

ಯಾರೂ ಸತ್ತಿರಲಿಲ್ಲ, ಕೆಲಸ ಹೋಗಿರಲಿಲ್ಲ. ಸುಮ್ಮನೆ ಮಂಚ ಹಿಡಿದರು. ಊಟ ಅಷ್ಟಕ್ಕಷ್ಟೆ, ಮಾತಿಲ್ಲ. ಬಂದವರೆಲ್ಲ ತಾವಾಗಿಯೇ ಕೈ ಚಾಚಿದರೂ ಆ ಮೂರು ಬೆರಳು ಮೇಲೇಳಲಿಲ್ಲ. ನೆರೆಯವರು ದೃಷ್ಟಿ ಎಂದರು, ತಾಯಿತ ತಂದರು. ನಾನು ಒಂದು ಸಂಜೆ, "ಮಾವ, ನಿಮ್ಮ ನಾಡಿ ನೀವೇ ನೋಡ್ಕೊಳ್ಳಿ" ಎಂದೆ. "ನೋಡ್ದೆ ಮಾರಾಯ್ತಿ" ಎಂದರು. "ನಾಡಿ ಸರಿಯಾಗೇ ಇದೆ. ನಾನೇ ಇಲ್ಲ."

ಆ ಮಾತು ಕೇಳಿ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಮದುವೆ ಹತ್ತಿರ ಬರುತ್ತಿತ್ತು. ಹುಡುಗನ ತಾಯಿ, "ಅವರಿಗಾಗದಿದ್ದರೆ ಹುಡುಗಿ ಚಿಕ್ಕಪ್ಪನೇ ಧಾರೆ ಎರೀಲಿ, ಅದಕ್ಕೇನಂತೆ" ಎಂದು ಹೇಳಿ ಕಳಿಸಿದರು. ವಿಶಾಲು ಅಪ್ಪನ ಹಟವನ್ನೇ ಹೊತ್ತು ಹುಟ್ಟಿದವಳು. "ಅಪ್ಪ ಎದ್ದು ನಿಂತು ಎರೆದರೆ ಮದುವೆ. ಇಲ್ಲಾಂದ್ರೆ ಬೇಡ" ಎಂದಳು. ಹುಡುಗನೋ, ಬಾಯಿ ಬಿಡದವನು. ಪ್ರತಿ ಭಾನುವಾರ ಭದ್ರಾವತಿಯಿಂದ ಬಂದು, ಮಾವನ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು, ಕೈ ಚಾಚಿ ಕೂತಿರುತ್ತಿದ್ದ. ಕಾಫಿ ಆರುತ್ತಿತ್ತು, ಅವನು ಎದ್ದು ಹೋಗುತ್ತಿದ್ದ.

ಅತ್ತೆ ಕೊನೆಗೆ ಅತ್ತು ಕರೆದು ಮಾವನನ್ನು ಸವಳಂಗ ರಸ್ತೆಯ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದರು. ಮನಸ್ಸು ಕುಗ್ಗಿದವರಿಗೆಂದು ಆಗ ಹೊಸದಾಗಿ ಗುಳಿಗೆ ಬಂದಿತ್ತು. "ಬೆಳಿಗ್ಗೆ ನುಂಗಿ ಸಂಜೆಗೆ ನಗೋದಲ್ಲ ಇದು, ಕೆಲವು ವಾರ ಬೇಕು" ಎಂದರು ಡಾಕ್ಟರು. ಬೀದಿಯಲ್ಲಿ ಅದಕ್ಕೆ ಹುಚ್ಚಿನ ಗುಳಿಗೆ ಎಂದು ಹೆಸರಿಟ್ಟರು. ಅತ್ತೆ ಅಂಥವರನ್ನೆಲ್ಲ ಜಗಲಿಯಿಂದಲೇ ವಾಪಸು ಕಳಿಸಿದರು.

ವಾರಗಳು ಕಳೆದವು. ಒಂದು ಭಾನುವಾರ ಹುಡುಗ ಎಂದಿನಂತೆ ಕೈ ಚಾಚಿ ಕೂತಿದ್ದ. ನಾನು ಕಾಫಿ ತಂದೆ. ಮಾವ ಮೆಲ್ಲಗೆ ಆ ಮಣಿಕಟ್ಟಿನ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿದರು. "ಏನಯ್ಯಾ, ಹೋಟ್ಲಲ್ಲಿ ತಿಂದ್ಕೊಂಡು ಬಂದಿದೀಯ" ಎಂದರು. ಅತ್ತೆ ಅಡುಗೆಮನೆಯಲ್ಲಿ ಸೌಟು ಕೆಳಗೆ ಬೀಳಿಸಿದರು! ಹುಡುಗ ಆಣೆ ಮಾಡಿ ಹೋಟೆಲಿಗೆ ಹೋಗಿಲ್ಲ ಎಂದ. ಹೋಗಿದ್ದರೇನು, ಬಿಟ್ಟಿದ್ದರೇನು? ಮಾವ ವಾಪಸು ಬಂದಿದ್ದರು!

ಆದರೆ ಮಾರನೆಯ ದಿನ ಹೊಸ ಫಜೀತಿ. ಮಾವ ತಮ್ಮ ನಾಡಿಯನ್ನೇ ನೋಡಿಕೊಂಡರು.

"ಲೇ! ಎಲ್ಲಾ ಬನ್ನಿ! ನನ್ನ ಕಥೆ ಮುಗೀತು!" ಎಂದು ಕೂಗಿದರು. ನಾಡಿ ಓಡುತ್ತಿತ್ತು. "ಇದು ಹಾವಲ್ಲ, ಕಪ್ಪೆಯಲ್ಲ, ಹಂಸವಲ್ಲ! ಭದ್ರಾವತಿ ರೈಲು! ಯಾವ ಶಾಸ್ತ್ರದಲ್ಲೂ ಇಲ್ಲ. ಇದು ಹೋಗೋ ನಾಡಿ ಕಣ್ರೇ!" ಬಾಯಿ ಒಣಗುತ್ತಿತ್ತು, ಬೆವರು ಬೇರೆ. ಸಾಯುವ ಮೊದಲು ಮುಖ ತೊಳೆದುಕೊಳ್ಳೋಣವೆಂದು ದಡಕ್ಕನೆ ಎದ್ದರು. ಕಣ್ಣು ಕತ್ತಲೆ ಬಂದು ಮಂಚಕ್ಕೇ ಕುಸಿದರು. "ನೋಡಿದ್ರಾ?" ಎಂದು ವಿಜಯದಿಂದ ನಮ್ಮನ್ನು ನೋಡಿದರು. ಬಾಯಿಗೆ ಬಿಡಲೆಂದು ಗಂಗಾಜಲದ ಗಿಂಡಿ ತರಿಸಿದರು. ಅತ್ತೆ ಮಾತ್ರ ಸೊಂಟಕ್ಕೆ ಕೈ ಕೊಟ್ಟು ನಿಂತು, "ಸಾಯೋರು ಯಾರೂ ಉಪ್ಪಿಟ್ಟು ಎರಡು ಸಲ ಹಾಕಿಸ್ಕೊಳ್ಳಲ್ಲ" ಎಂದರು.

ಇನ್ನು ಆ ಗುಳಿಗೆ ಮುಟ್ಟುವುದಿಲ್ಲವೆಂದು ಮಾವ ಶಪಥ ಮಾಡಿದರು. ವಿಶಾಲುವಿನ ಮುಖ ಬಿಳಿಚಿಕೊಂಡಿತು. ನಾನೂ ಅವಳೂ ಸೇರಿ ಅವರನ್ನು ಜಟಕಾದಲ್ಲಿ ಕೂರಿಸಿ ಡಾಕ್ಟರ ಹತ್ತಿರ ಸಾಗಿಸಿದೆವು.

ಡಾಕ್ಟರು ಎದೆಗೆ ನಳಿಗೆ ಇಟ್ಟು ಕೇಳಿದರು. ಮಲಗಿಸಿ ಒಂದು ಸಲ, ನಿಲ್ಲಿಸಿ ಒಂದು ಸಲ ರಕ್ತದೊತ್ತಡ ನೋಡಿದರು. ಆಮೇಲೆ ನಕ್ಕರು.

"ಈಗ ನಿಮಗೆ ಹೆದರಿಕೆ ಏನಾದ್ರೂ ಇದೆಯಾ?"

"ನಾಡಿ ನೋಡೋ ತನಕ ಇರಲಿಲ್ಲ!" ಎಂದರು ಮಾವ.

"ಅದೇ ನೋಡಿ. ಮನಸ್ಸು ಬೆದರಿ ಎದೆ ಓಡೋದು ಒಂದು, ಗುಳಿಗೆಗೆ ಓಡೋದು ಇನ್ನೊಂದು. ಎದೆಗೆ ಲಗಾಮು ಹಾಕೋ ಒಂದು ನರ ಇದೆ. ಗುಳಿಗೆ ಆ ಲಗಾಮನ್ನ ಸ್ವಲ್ಪ ಸಡಿಲ ಬಿಡುತ್ತೆ. ಕುದುರೆ ಬೆದರಿಲ್ಲ ಪಂಡಿತ್ರೇ, ಲಗಾಮು ಸಡಿಲ ಆಗಿದೆ ಅಷ್ಟೆ. ಎದ್ದಾಗ ರಕ್ತ ತಲೆಗೇರೋದೂ ಒಂಚೂರು ತಡ. ನಿಧಾನವಾಗಿ ಏಳಿ, ಪ್ರಮಾಣ ಸ್ವಲ್ಪ ಇಳಿಸ್ತೀನಿ. ನೋಡ್ತಾ ಇರ್ತೀನಿ, ನೀವಾಗಿ ಮಾತ್ರ ನಿಲ್ಲಿಸಬೇಡಿ." ಮಾವ ಇನ್ನೂ ಗುರುಗುಟ್ಟುತ್ತಿದ್ದರು. ಮಂಚ ಹಿಡಿದಾಗ ಅವರು ಆಡಿದ್ದ ಮಾತನ್ನು ನನ್ನಿಂದ ಕೇಳಿದ್ದ ಡಾಕ್ಟರು ಅವರ ಕಡೆ ಬಾಗಿ ಹೇಳಿದರು: "ಆಗ ನಾಡಿ ಸರಿಯಾಗಿತ್ತು, ನೀವು ಇರಲಿಲ್ಲ. ಈಗ ನೀವು ಇದ್ದೀರಿ, ನಾಡಿ ಸ್ವಲ್ಪ ಓಡುತ್ತೆ. ಯಾವುದು ಬೇಕು ಹೇಳಿ?"

ಮಾವ ವಿಶಾಲುವಿನ ಮುಖ ನೋಡಿದರು. "ಓಡ್ಲಿ ಬಿಡಿ" ಎಂದರು.

ಅಲ್ಲಿಂದ ಮುಂದೆ ಮನೆಯಲ್ಲಿ ಏನು ನಡೆದರೂ ಗುಳಿಗೆಯದೇ ಕೆಲಸ! ಅತ್ತೆಯ ಮೇಲೆ ರೇಗಿದರೆ, "ನಾನಲ್ಲ, ಲಗಾಮು ಸಡಿಲ." ಇಸ್ಪೀಟಿನಲ್ಲಿ ಸೋತರೆ ಗುಳಿಗೆ. ಒಣಗಿದ ಬಾಯಿಗೆ ಕಲ್ಲುಸಕ್ಕರೆ ಬೇಕೆಂದು ಡಬ್ಬಿಯನ್ನೇ ಜೇಬಿಗಿಳಿಸಿದರು. ಏಳುವುದಂತೂ ಕಂತಿನಲ್ಲಿ: ಮೊದಲು ಕಾಲು ಇಳಿಬಿಡುವುದು, ಆಮೇಲೆ ಕೂತು ಕಲ್ಲುಸಕ್ಕರೆ ಚೀಪುವುದು, ಕೊನೆಗೆ ಗೋಡೆ ಹಿಡಿದು ನಿಲ್ಲುವುದು. ಬೀದಿಯವರೆಲ್ಲ ಮತ್ತೆ ಕೈ ಹಿಂದೆ ಕಟ್ಟಿಕೊಂಡು ಓಡಾಡತೊಡಗಿದರು. ಅದನ್ನು ನೋಡಿ ನನಗಾದ ಸಂತೋಷ ಹೇಳತೀರದು.

ಮದುವೆಯ ದಿನ ಬಂತು. ಚಪ್ಪರ ತುಂಬಿತ್ತು. ನಿಜವಾಗಿ ಎದ್ದು ನಿಂತಾರೆಯೇ ಎಂದು ನೋಡುವುದಕ್ಕೇ ಬಂದವರು ಎಷ್ಟು ಜನವೋ! ಪುರೋಹಿತರು, "ಏಳಿ, ಮುಹೂರ್ತ ಬಂತು" ಎಂದರು. ಮಾವ ಕಾಲು ಚಾಚಿದರು. ಆಮೇಲೆ ಮಣೆಯ ಮೇಲೆ ಕೂತೇ ಬಾಯಿಗೆ ಕಲ್ಲುಸಕ್ಕರೆ ಹಾಕಿಕೊಂಡರು. ವಾಲಗದವರು ಉಬ್ಬಿದ ಕೆನ್ನೆ ಹಾಗೇ ಹಿಡಿದು ಕಾದರು.

"ಏಳೋದಕ್ಕೂ ಬೇರೆ ಮುಹೂರ್ತ ಇಡಬೇಕಿತ್ತಾ ಯಜಮಾನ್ರೇ?" ಎಂದರು ಪುರೋಹಿತರು.

"ಭಟ್ರೇ, ಮಗಳನ್ನ ಬೆಳೆಸೋದಕ್ಕೆ ಇಪ್ಪತ್ತು ವರ್ಷ ಹಿಡೀತು. ಎದ್ದು ನಿಲ್ಲೋದಕ್ಕೆ ಎರಡು ನಿಮಿಷ ಕೊಡಿ" ಎಂದು, ಕಂಬ ಹಿಡಿದು ಮಾವ ಎದ್ದರು. ಕಂಬ ಬಿಟ್ಟರು. ನಿಂತರು! ತೂಗಾಡಲಿಲ್ಲ, ತಡವರಿಸಲಿಲ್ಲ. ವಾಲಗ ಮೊಳಗಿತು. ಹುಡುಗನ ತಾಯಿಯೇ ಮೊದಲು ಅಕ್ಷತೆ ಎಸೆದರು, ಧಾರೆಗೆ ಮುಂಚೆಯೇ!

ಮಗಳ ಕೈಯನ್ನೂ ಅಳಿಯನ ಕೈಯನ್ನೂ ಸೇರಿಸಿ ಮಾವ ಹಿಡಿದರು. ಅತ್ತೆ ಧಾರೆಯ ನೀರು ಬಿಟ್ಟರು. ನಾನು ಹಿಂದೆಯೇ ನಿಂತಿದ್ದೆ. ಆ ನೀರಿನ ಕೆಳಗೆ ವಿಶಾಲುವಿನ ಮೂರು ಬೆರಳು ಮೆಲ್ಲಗೆ ಜರುಗಿ ಅಪ್ಪನ ಮಣಿಕಟ್ಟಿನ ಮೇಲೆ ನಿಂತದ್ದು ಕಂಡಿತು. ಯಾರೂ ಅವಳಿಗೆ ಅದನ್ನು ಕಲಿಸಿರಲಿಲ್ಲ.

"ಅಪ್ಪಾ, ತುಂಬಾ ಓಡ್ತಾ ಇದೆ" ಎಂದು ಪಿಸುಗುಟ್ಟಿದಳು. "ಗುಳಿಗೇದಾ?"

ಮಾವ ಕಣ್ಣು ಮುಚ್ಚಿ ಒಂದು ಕ್ಷಣ ತಮ್ಮನ್ನೇ ಆಲಿಸಿದರು. ರೆಪ್ಪೆಯ ಕೆಳಗಿನಿಂದ ನೀರು ಇಳಿಯಿತು.

"ಅಲ್ಲ ಕಣೇ. ಇದು ನಂದೇ."