ಕಡಗೋಲಿನ ಪೈಪು

ಗಂಡನಿಗೆ ಕೆಟ್ಟ ಚಟ ಇರಬಾರದು ಎಂದು ಹಿರಿಯರು ಹೇಳುತ್ತಾರೆ. ನಾನು ಹೇಳುವುದು ಬೇರೆ. ಚಟ ಇದ್ದರೆ ಇರಲಿ, ಅದಕ್ಕೆ ಬೇಕಾದ ಸಾಮಾನು ಪೇಟೆಯಲ್ಲಿ ಸಿಗುವಂಥದ್ದಾಗಿರಲಿ. ಬೀಡಿ ಸೇದುವವನ ಹೆಂಡತಿ ಮೂಗು ಮುಚ್ಚಿಕೊಂಡರೆ ಸಾಕು. ಪೈಪು ಸೇದುವವನ ಹೆಂಡತಿ ಮನೆಯ ಕಟ್ಟಿಗೆ ಸಾಮಾನನ್ನೆಲ್ಲ ಬಚ್ಚಿಡಬೇಕಾಗುತ್ತದೆ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತಿದೆ. ಓದುವವರು ಸ್ವಲ್ಪ ದೂರ ಕೂತು ಓದಬೇಕು.

ಬಿಳಿಯರು ಗಂಟುಮೂಟೆ ಕಟ್ಟುತ್ತಿದ್ದ ದಿನಗಳು ಅವು. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಒಬ್ಬ ದೊರೆಯ ಮನೆಸಾಮಾನು ಹರಾಜಿಗೆ ಬಂತು. ನಮ್ಮ ಮನೆಯವರು ಹತ್ತಿ ಗಿರಣಿಯೊಂದರಲ್ಲಿ ಗುಮಾಸ್ತರು. "ನಿನಗೊಂದು ಕುರ್ಚಿ ತರ್ತೀನಿ" ಎಂದು ಹೋದವರು ಬಾಯಲ್ಲಿ ಪೈಪು ಕಚ್ಚಿಕೊಂಡು ಬಂದರು. ಕುರ್ಚಿ ಎಲ್ಲಿ ಎಂದು ಕೇಳಿದರೆ ಪೈಪನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಇದು ಬ್ರಯರ್ ನೋಡೇ. ಸೀಮಿ ಗಿಡದ ಬೇರಿನ ಗಂಟು. ಒಳಗ ಬೆಂಕಿ ಇದ್ರೂ ಸುಡಂಗಿಲ್ಲ" ಎಂದರು. ಒಳಗೆ ಬೆಂಕಿ ಇದ್ದೂ ಸುಡದ ವಸ್ತು ಆ ಮನೆಯಲ್ಲಿ ಆಗಲೇ ಒಂದಿತ್ತು, ಅದು ನಾನು. ಆದರೆ ನನ್ನನ್ನು ಯಾರೂ ಹರಾಜಿನಲ್ಲಿ ಕೂಗಿ ತಂದಿರಲಿಲ್ಲ.

ಪೈಪಿನಿಂದ ಒಂದು ಸುಖವಿತ್ತು ಎನ್ನುವುದನ್ನೂ ಹೇಳಿಬಿಡಬೇಕು. ಅದು ಬಾಯಲ್ಲಿದ್ದಷ್ಟು ಹೊತ್ತು ಅವರು ಮಾತಾಡುತ್ತಿರಲಿಲ್ಲ. ಏನು ಕೇಳಿದರೂ "ಹೂಂ". ಸಾರಿಗೆ ಉಪ್ಪು ಮರೆತರೂ "ಹೂಂ".

ಒಂದು ಸಂಜೆ ಬ್ರೂಸ್‌ಪೇಟೆಯ ಇಕ್ಕಟ್ಟಿನಲ್ಲಿ ಇವರ ಸೈಕಲ್ಲಿಗೆ ಮೂಟೆ ಹೊತ್ತ ಹಮಾಲನೊಬ್ಬ ತಾಗಿದ. ಪೈಪು ಹಾರಿ ಎತ್ತಿನ ಬಂಡಿಯ ಚಕ್ರದ ಕೆಳಗೆ ಬಿತ್ತು. ತಲೆ ನುಚ್ಚುನೂರಾಯಿತು, ಕಚ್ಚುವ ಕೊಳವೆ ಮಾತ್ರ ಉಳಿಯಿತು. ಊರೆಲ್ಲ ಸುತ್ತಿದರು, ಮದರಾಸಿಗೂ ಹೇಳಿ ಕಳಿಸಿದರು. ಆ ಸೀಮೆಯ ಸಾಮಾನು ಎಲ್ಲೂ ಸಿಗಲಿಲ್ಲ. "ನಮ್ಮ ದೇಶದಾಗ ಗಿಡ ಇಲ್ಲೇನು? ಸ್ವರಾಜ್ಯ ಬಂದೈತಿ" ಎಂದು ಉಳಿ, ಬೈರಿಗೆ ಕೊಂಡುತಂದರು. ನನ್ನ ಕಷ್ಟ ಅಲ್ಲಿಂದ ಶುರು.

ಮೊದಲು ಬೇವು. ಎರಡು ದಮ್ಮು ಎಳೆದವರು ಬಚ್ಚಲಿಗೆ ಓಡಿದರು. ಹೊರಗೆ ಬಂದು, "ಹಲ್ಲಿಗೆ ಚಲೋ" ಎಂದರು. ಆಮೇಲೆ ಜಾಲಿ. ಅದು ಸೇದಲು ಹಿತವಾಗಿತ್ತಂತೆ, ಆದರೆ ತಳ ಸುಟ್ಟು ತೂತಾಗಿ ಕೆಂಡ ಪಂಚೆಯ ಮೇಲೆ ಬಿತ್ತು. ಜಗಲಿಯ ಮೇಲೆ ಅವರು ಕುಣಿದದ್ದನ್ನು ಸತ್ಯನಾರಾಯಣಪೇಟೆಯ ನಮ್ಮ ಓಣಿಯೆಲ್ಲ ನೋಡಿತು. ಎದುರುಮನೆಯ ಸುಬ್ಬಮ್ಮನಂತೂ ಮಗ್ಗುಲ ಮನೆಯವರನ್ನೂ ಕರೆದು ತೋರಿಸಿದಳು. ಮುಂದಿನ ಭಾನುವಾರ ಕುರುಗೋಡಿನ ಗುಡ್ಡಕ್ಕೆ ಸೈಕಲ್ ತುಳಿದು ಒಂದು ಹೊರೆ ಕಟ್ಟಿಗೆ ತಂದರು. ಕೊರೆದ ಪೈಪುಗಳೆಲ್ಲ ಬೆಂಕಿ ಕಂಡ ಕೂಡಲೆ ಚಟ್ಟೆಂದು ಸೀಳಿದವು. ಉಳಿದದ್ದರಲ್ಲಿ ನಾನು ಅಡಿಗೆ ಮಾಡಿದೆ. ಆ ಪ್ರಯೋಗಗಳಿಂದ ಮನೆಗೆ ಆದ ಲಾಭ ಅಷ್ಟೇ.

ಇಷ್ಟನ್ನೂ ನಾನು ಸಹಿಸಿದೆ. ಆದರೆ ಒಂದು ಬೆಳಿಗ್ಗೆ ಮೊಸರು ಕಡೆಯಲು ಹೋಗಿ ನೋಡುತ್ತೇನೆ, ಮೂಲೆಯಲ್ಲಿ ಕಡಗೋಲಿನ ಕೋಲು ಮಾತ್ರ ನಿಂತಿದೆ. ತುದಿಯ ಗುಂಡು ಇಲ್ಲ! ಜಗಲಿಯಿಂದ ತುಪ್ಪ ಸುಟ್ಟ ವಾಸನೆ ಬರುತ್ತಿತ್ತು. ಹೋಗಿ ನೋಡಿದರೆ ಮಹಾರಾಯರು ಕಣ್ಣು ಮುಚ್ಚಿ ಹೊಗೆ ಬಿಡುತ್ತಿದ್ದಾರೆ.

"ಕಡಗೋಲಿನ ತಲಿ ಎಲ್ಲಿ?"

"ನೋಡು, ಎರಡು ತಲೆಮಾರು ಬೆಣ್ಣಿ ಕುಡದ ಕಟ್ಟಿಗಿ. ಸೀಳಂಗಿಲ್ಲ, ಸುಡಂಗಿಲ್ಲ. ಬ್ರಯರಿಗೆ ಅಪ್ಪ ಇದು!"

"ಅದು ನಮ್ಮಜ್ಜೀದು! ತವರಿನಿಂದ ನಾನು ತಂದದ್ದು ಅದೊಂದ!"

"ಹೂಂ" ಎಂದರು.

ಆ 'ಹೂಂ' ಕೇಳಿದ ಮೇಲೆ ನಾನು ಆ ಮನೆಯಲ್ಲಿ ನೀರು ಕುಡಿಯಲಿಲ್ಲ. ಚೀಲಕ್ಕೆ ಎರಡು ಸೀರೆ ತುರುಕಿ, "ಆ ಪೈಪಿನಾಗ ಮಜ್ಜಿಗಿ ಕಡಕೊಂಡು ಉಣ್ರಿ" ಎಂದು ಹೇಳಿ ಸಿರುಗುಪ್ಪದ ಬಸ್ಸು ಹತ್ತಿದೆ. ಪೆಟ್ರೋಲಿನ ಬದಲು ಇದ್ದಿಲು ಉರಿಸಿ ಓಡುವ ಬಸ್ಸು ಅದು, ದಾರಿಯುದ್ದಕ್ಕೂ ಹೊಗೆ. ಲೋಕವೇ ಒಂದು ಪೈಪು ಎನಿಸಿತು. ಸಿರುಗುಪ್ಪದಲ್ಲಿ ಇಳಿದು, ಬಂಡಿ ಹಿಡಿದು ಹೊಳೆದಂಡೆಯ ಕೆಂಚನಗುಡ್ಡ ಸೇರಿದಾಗ ನನ್ನ ಮುಖ ಕರ್ರಗಾಗಿತ್ತು. ಅರ್ಧ ಮಸಿ, ಅರ್ಧ ಸಿಟ್ಟು.

ಕೆಂಚನಗುಡ್ಡ ನನ್ನ ತವರು. ಅಪ್ಪ ತೀರಿದ ಮೇಲೆ ಹೊಲ, ಎತ್ತು, ಆಳು ಎಲ್ಲದಕ್ಕೂ ಅವ್ವನದೇ ಯಜಮಾನಿಕೆ. ತೆಲುಗು ಗಡಿಸೀಮೆಯ ಎಷ್ಟೋ ಹೆಂಗಸರಂತೆ ಅವಳೂ ಚುಟ್ಟಾ ಸೇದುವವಳು. ನನ್ನ ಕಥೆ ಕೇಳಿ ಚುಟ್ಟಾ ಕೆಳಗಿಟ್ಟಳು.

"ನನ್ನ ಅವ್ವನ ಕಡಗೋಲಿನ ತಲಿ ಕಡದಾನ? ಬರ್ಲಿ ಅವ. ಈ ಹೊಸ್ತಿಲಾ ದಾಟಿಸಂಗಿಲ್ಲ."

ಹೊಟ್ಟೆ ತಣ್ಣಗಾಯಿತು. ಭಾನುವಾರ ಇವರು ಬಂದರು. ಹೊಸ್ತಿಲ ಹೊರಗೇ ನಿಂತು, ತಪ್ಪಾಯಿತು ಎಂದು ಪೈಪನ್ನು ಅವ್ವನ ಕಾಲ ಬಳಿ ಇಟ್ಟರು. ಅವ್ವ ಅದನ್ನೆತ್ತಿ ತಿರುಗಿಸಿ ನೋಡಿದಳು, ಮೂಸಿದಳು. ಆಮೇಲೆ ಒಲೆಯಿಂದ ಕೆಂಡ ತರಲು ನನ್ನನ್ನೇ ಕಳಿಸಿದಳು! ಒಂದು ದಮ್ಮು ಎಳೆದಳು, ಇನ್ನೊಂದು ಎಳೆದಳು.

"ಅಲ್ಲೋ ಅಳಿಯಪ್ಪ, ಚುಟ್ಟಾ ಸೇದಿ ತುಟಿ ಸುಟ್ಕೊಂಡು ಕುಂತೀನಿ. ಇದು ತಣ್ಣಗ ಐತಲ್ಲೋ! ಯಾಕ ಹೊರಗ ನಿಂತಿ? ಒಳಗ ಬಾ, ಉಣ್ಣಾಕ ಕುಂದ್ರು."

ನ್ಯಾಯ ಕೇಳಲು ಬಂದ ನಾನು ರೊಟ್ಟಿ ಬಡಿಯುತ್ತ ಕೂತೆ. ಹೊರಡುವಾಗ ಅವ್ವ ಪೈಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ನನ್ನ ಅವ್ವಂದು, ನನ್ನ ಹತ್ರನ ಇರ್ಲಿ" ಎಂದಳು. ಬರಿಗೈಯಲ್ಲಿ ಇಬ್ಬರೂ ಬಳ್ಳಾರಿಗೆ ಬಂದೆವು.

ಆಮೇಲೆ ಅವರ ಬಾಯಿಗೆ ಬಿಡುವೇ ಇಲ್ಲದಾಯಿತು. ಪೈಪಿಲ್ಲದ ಬಾಯಿ ಮಾತಾಡತೊಡಗಿತು. ಸಾರು ನೀರಾಗೈತಿ, ರೊಟ್ಟಿ ದಪ್ಪಾಗೈತಿ, ಕಸ ಮೂಲ್ಯಾಗ ಉಳದೈತಿ. ಗಿರಣಿಯಿಂದ ಬಂದ ಕೂಡಲೆ ಶುರುವಾದರೆ ದೀಪ ಆರಿಸುವತನಕ ಅದೇ. ಹದಿನೈದು ದಿನಕ್ಕೆ ನಾನು ಸೋತೆ. ಚೀಲ ಹಿಡಿದು ಬ್ರೂಸ್‌ಪೇಟೆಯ ಕಟ್ಟಿಗೆ ಅಂಗಡಿಗೆ ಹೋದೆ.

"ಸಾಬ್ರೇ, ಸುಡಲಾರದ ಕಟ್ಟಿಗಿ ಇದ್ರ ಕೊಡ್ರಿ."

"ಎಲ್ಲಾರೂ ಸುಡೋದು ಕೇಳ್ತಾರ, ನೀವು ಸುಡಲಾರದ್ದು ಕೇಳ್ತೀರಿ. ಯಾತಕ್ಕಮ್ಮಾ?"

"ಪೈಪು ಮಾಡಾಕ."

"ಸೇದೋರು ಯಾರು?"

ಅಂಗಡಿಯಲ್ಲಿ ಕೂತಿದ್ದ ಗಂಡಸರೆಲ್ಲ ಕಿಸಕ್ಕನೆ ನಕ್ಕರು. ಮೈಯೆಲ್ಲ ಉರಿಯಿತು. "ನಾನ ಸೇದ್ತೀನಿ! ಏನೀಗ?" ಎಂದು ಕೂಗಿದೆ. ನಗು ನಿಂತಿತು. ಸಾಬರು ಮೂಲೆಯಿಂದ ಕರ್ರಗಿನ ಒಂದು ತುಂಡು ತೆಗೆದುಕೊಟ್ಟರು. "ಯಾವ ಗಿಡದ್ದೋ ಗೊತ್ತಿಲ್ಲ ತಾಯಿ, ನನ್ನ ಗರಗಸದ ಹಲ್ಲು ಮುರದೈತಿ" ಎಂದರು.

ನಾನು ಓಣಿ ಮುಟ್ಟುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಸುಬ್ಬಮ್ಮ ಬಾಗಿಲಲ್ಲೇ ನಿಂತಿದ್ದಳು. "ಏಮಮ್ಮಾ, ನೀವೂ ಸುರು ಮಾಡಿದ್ರಂತ?" ಒಳಗೆ ಹೋದರೆ ನಮ್ಮ ಮನೆಯವರು, "ನಿಮ್ಮವ್ವನ ಮಗಳು ಅಲ್ಲೇನು! ಸೇದು, ಬ್ಯಾಡ ಅನ್ನಂಗಿಲ್ಲ" ಎಂದು ನಕ್ಕರು.

ಅವರಿಗಾಗಿ ಊರೆಲ್ಲ ಮಾನ ಕಳೆದುಕೊಂಡು ಬಂದರೆ ಈ ಮಾತು! ಸಿಟ್ಟಿನಲ್ಲಿ ಆ ತುಂಡನ್ನು ಉರಿಯುವ ಒಲೆಗೆ ಎಸೆದು ಕೂತೆ. ಅನ್ನ ಬೆಂದಿತು, ಸಾರು ಕುದಿಯಿತು. ತುಂಡು ಮಾತ್ರ ಹೊತ್ತಿಕೊಳ್ಳಲಿಲ್ಲ. ಬೆನ್ನ ಹಿಂದೆ ಬಂದು ಬಗ್ಗಿ ನೋಡುತ್ತಿದ್ದವರು, "ಲೇ, ಸಿಕ್ತು ನೋಡು!" ಎಂದು ಕುಣಿದರು.

ನಾನು ಅವರ ಮುಖ ನೋಡಲಿಲ್ಲ. ಬೈಯುತ್ತಲೇ ಇಕ್ಕಳ ತಂದು, ಅದನ್ನು ಹೊರಗೆಳೆದು, ನೀರಲ್ಲಿ ತಣಿಸಿ, ಬೂದಿ ಒರೆಸಿ ಕೈಗೆ ಕೊಟ್ಟೆ.